ಹಸಿರು ದಾರದ ಇಕ್ಕಳ

ನಮ್ಮ ಭಾವ ವಾಯುಪಡೆಯಲ್ಲಿ ಇಪ್ಪತ್ತಾರು ವರ್ಷ ಇದ್ದರು, ಆದರೆ ಒಂದು ದಿನವೂ ವಿಮಾನ ಹಾರಿಸಿದವರಲ್ಲ. ಬೇರೆಯವರು ಹಾರಿಸುವ ವಿಮಾನ ಬೀಳದಂತೆ ನೋಡಿಕೊಳ್ಳುವುದು ಅವರ ಕೆಲಸವಾಗಿತ್ತು. ಎಂಜಿನ್ ಮೆಕ್ಯಾನಿಕ್ ಆಗಿ ಸೇರಿ, ಸಾರ್ಜೆಂಟ್ ಆಗಿ, ಕಡೆಗೆ ವಾರಂಟ್ ಆಫೀಸರ್ ಆಗಿ ನಿವೃತ್ತರಾದರು. ಎಂಜಿನ್ ಸದ್ದಿನಲ್ಲೇ ಬಾಳಿದ್ದರಿಂದ ಎಡಗಿವಿ ಮಂದ. ಅಕ್ಕ ಏನಾದರೂ ಕೆಲಸ ಹೇಳಿದಾಗ ಮಾತ್ರ ಬಲಗಿವಿಯೂ ಮಂದವಾಗುತ್ತಿತ್ತು.

ನನ್ನದು ಕನ್ನಡಕದ ಅಂಗಡಿ. ಅದರ ಹಿಂದಿನ ಕೋಣೆಯಲ್ಲಿ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಭಾವನ ಹಳೆಯ ಸ್ಕ್ವಾಡ್ರನ್ನಿನ ಏಳೆಂಟು ಮಂದಿ ಸೇರುತ್ತಿದ್ದರು. ಸಮವಸ್ತ್ರ ಕಳಚಿ ಎಷ್ಟೋ ಕಾಲವಾಗಿದ್ದರೂ ಕುರ್ಚಿಗಳು ಮಾತ್ರ ರ‍್ಯಾಂಕ್ ಮರೆತಿರಲಿಲ್ಲ. ಕೈಯಿರುವ ಒಂದೇ ಕುರ್ಚಿ ಪೈಲಟ್ ಸಾಹೇಬರಿಗೆ. ಅವರು ಆಗ ಸ್ಕ್ವಾಡ್ರನ್ನಿನ ಮುಖ್ಯಸ್ಥರಾಗಿದ್ದವರು. ಅವರ ಪಕ್ಕದಲ್ಲಿ ಭಾವ. ಬಾಗಿಲ ಬಳಿಯ ಸ್ಟೂಲು ಕಡ್ಡಿಗೆ. ಸಣಕಲು ಮೈಯಿಂದಾಗಿ ಬ್ಯಾರಕ್ಕಿನಲ್ಲಿ ಬಿದ್ದ ಆ ಹೆಸರು ಅವನಿಗೆ ಸೇವೆ ಬಿಟ್ಟ ಮೇಲೂ ಅಂಟಿಕೊಂಡಿತ್ತು. ನನ್ನ ಓರಗೆಯವನು, ಭಾವನ ಕೈಕೆಳಗೆ ಕಾರ್ಪೋರಲ್ ಆಗಿದ್ದವನು. ಅವನ ಬೆರಳು ತೂರದ ಸಂದಿ ಯಾವ ಎಂಜಿನ್ನಿನಲ್ಲೂ ಇರಲಿಲ್ಲವೆಂದು ಭಾವನೇ ಹೇಳುತ್ತಿದ್ದರು.

ಕೂಟದಲ್ಲಿ ಹಳೆಯ ಮಾತುಗಳೇ. ಚಕ್ರ ಬಿಚ್ಚಿಕೊಳ್ಳದೆ ಹೊಟ್ಟೆಯ ಮೇಲೆ ಇಳಿದ ವಿಮಾನ, ಪರೇಡಿಗೆ ಒಂದೊಂದು ಕಾಲಿಗೆ ಒಂದೊಂದು ಬಗೆಯ ಬೂಟು ಹಾಕಿ ಬಂದ ಅಡುಗೆಯವನು. ಯಾರೂ ಬಿಡದೆ ಕೇಳುತ್ತಿದ್ದದ್ದು ಇಕ್ಕಳದ ಕಥೆ. ಅದನ್ನು ಕಡ್ಡಿಯೇ ಹೇಳಬೇಕು, ತನ್ನನ್ನೇ ಗೇಲಿ ಮಾಡಿಕೊಂಡು. ಅವನು ಶುರುಮಾಡಿದ ಕೂಡಲೇ ಭಾವ ಎಲೆಯಡಿಕೆ ಉಗಿಯಲು ಹೋದವರಂತೆ ಎದ್ದು ಹೊರಗೆ ಹೋಗುತ್ತಿದ್ದರು. ಅವರಿಗೆ ಎಲೆಯಡಿಕೆಯ ಅಭ್ಯಾಸವೇ ಇಲ್ಲವೆಂಬುದು ನನಗೆ ಆಗ ಯಾಕೆ ಹೊಳೆಯಲಿಲ್ಲವೋ.

ಒಂದು ಸಲ ಅಂಗಡಿಗೆ ಬಣ್ಣ ಹೊಡೆಸುತ್ತಿದ್ದೆ. ಹಾಗಾಗಿ ಆ ತಿಂಗಳ ಕೂಟ ಅಕ್ಕನ ಮನೆಗೆ ಹೋಯಿತು. ಅಕ್ಕ ಟೀ ತಂದಿಟ್ಟು, ಕಡ್ಡಿಯ ಕಥೆ ಕೇಳಲು ಅಲ್ಲೇ ಬಾಗಿಲಿಗೆ ಒರಗಿ ನಿಂತಳು. ಅವಳು ಅದನ್ನು ಕೇಳಿದ್ದು ಅದೇ ಮೊದಲು. ಬಾಗಿಲಲ್ಲಿ ಅವಳಿದ್ದುದರಿಂದ ಭಾವನಿಗೆ ಅಂದು ಎದ್ದು ಹೋಗಲಾಗಲಿಲ್ಲ.

ಮೂವತ್ತೊಂದು ವರ್ಷದ ಹಿಂದಿನ ಸಂಗತಿ. ವಿಮಾನ ರಿಪೇರಿ ಮಾಡುವ ಶೆಡ್ಡಿನಲ್ಲಿ ಉಪಕರಣಗಳನ್ನು ತೂಗುಹಾಕುವ ಹಲಗೆ ಇರುತ್ತದೆ. ಒಂದೊಂದರ ಆಕಾರವನ್ನೂ ಅದರ ಮೇಲೆ ಕಪ್ಪು ಬಣ್ಣದಲ್ಲಿ ಬರೆದಿರುತ್ತಾರೆ, ಒಂದು ಕಾಣೆಯಾದರೂ ಗೊತ್ತಾಗಲಿ ಎಂದು. ಯಾಕೆಂದರೆ ಎಂಜಿನ್ನಿನೊಳಗೆ ಮರೆತುಬಿಟ್ಟ ಒಂದು ಸ್ಪ್ಯಾನರ್ ಇಡೀ ವಿಮಾನವನ್ನು ಕೆಡವಬಲ್ಲದು. ಒಂದು ಸಂಜೆ ಅಲ್ಲಿ ಸಣ್ಣ ಇಕ್ಕಳವೊಂದು ಇರಲಿಲ್ಲ. ಉಪಕರಣ ಕೊಟ್ಟದ್ದನ್ನು ಬರೆದಿಡುವ ಪುಸ್ತಕದಲ್ಲಿ ಅದನ್ನು ಪಡೆದವನ ಸಹಿ ಕಡ್ಡಿಯದು. ಜಾರಬಾರದೆಂದು ಅದರ ಹಿಡಿಗೆ ಹಸಿರು ದಾರ ಸುತ್ತಿದ್ದವನೂ ಅವನೇ. ದೊಡ್ಡ ಅಧಿಕಾರಿಯ ತಪಾಸಣೆ ಹತ್ತಿರವಿತ್ತು. ಎರಡು ವಿಮಾನಗಳನ್ನು ನಿಲ್ಲಿಸಿ, ಮೂರು ದಿನ ಅವುಗಳ ಹೊಟ್ಟೆ ಬಗೆದರು. ಮೂರನೇ ದಿನ ಇಕ್ಕಳ ಸಿಕ್ಕಿದ್ದು ಕಡ್ಡಿಯ ಮೇಜಿನ ಪಕ್ಕದ, ಎಣ್ಣೆ ಒರೆಸಿದ ಬಟ್ಟೆಗಳನ್ನು ಎಸೆಯುವ ಡ್ರಮ್ಮಿನ ತಳದಲ್ಲಿ. ಅವನ ತೋಳಿನ ಕಾರ್ಪೋರಲ್ ಪಟ್ಟಿ ಕಿತ್ತು ದರ್ಜೆ ಇಳಿಸಿದರು. ಮರುವರ್ಷ ಅವನು ಸೇವೆ ಬಿಟ್ಟ.

ಕಡ್ಡಿ ಇದನ್ನು ಕೈಬಾಯಿ ತಿರುಗಿಸಿ ಹೇಳಿ ಮುಗಿಸಿದಾಗ ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು.

"ಹಸಿರು ದಾರದ ಇಕ್ಕಳ ತಾನೆ? ಅದನ್ನ ನಾನು ನೋಡಿದೀನಿ," ಎಂದಳು. "ಇವರ ಕೆಲಸದ ಪ್ಯಾಂಟಿನ ಜೇಬಲ್ಲಿತ್ತು. ಒಗೆಯೋಕೆ ಮುಂಚೆ ತೆಗೆದು ಹೊಲಿಗೆ ಮಷೀನಿನ ಡ್ರಾಯರಲ್ಲಿ ಇಟ್ಟಿದ್ದೆ. ಸೂಜಿ ಎಳೆಯೋಕೆ ಚೆನ್ನಾಗಿತ್ತು, ಎರಡೇ ದಿನಕ್ಕೆ ಇವರು ತಗೊಂಡು ಹೋದ್ರು."

ಅವಳಿಗೆ ತಾನೇನು ಹೇಳಿದೆ ಎಂಬುದು ಗೊತ್ತಿರಲಿಲ್ಲ. ಉಳಿದವರಿಗೆ ಗೊತ್ತಾಯಿತು. ಪೈಲಟ್ ಸಾಹೇಬರು ಎಷ್ಟೋ ಮಂದಿಯನ್ನು ಕಾಪಾಡಿದವರು, ಆಗಲೂ ಕಾಪಾಡಲು ನೋಡಿದರು. ಅದು ಬೇರೆ ಇಕ್ಕಳ ಇರಬೇಕು, ಹಸಿರು ದಾರವನ್ನು ಯಾರು ಬೇಕಾದರೂ ಸುತ್ತಿಕೊಳ್ಳಬಹುದು ಎಂದು ಮಾತು ತೇಲಿಸಿದರು. ಭಾವ ಹೂಂ ಅಂದಿದ್ದರೆ ಸಾಕಿತ್ತು. ಮಾತು ಅಡುಗೆಯವನ ಬೂಟಿನ ಕಡೆಗೆ ಹೊರಳುತ್ತಿತ್ತು.

"ಇಲ್ಲ ಸಾರ್," ಎಂದರು ಭಾವ. "ಅದೇ ಇಕ್ಕಳ. ಡ್ರಮ್ಮಿಗೆ ಹಾಕಿದ್ದು ನಾನೇ."

ಆಮೇಲೆ ತಲೆ ಎತ್ತದೆ ಎಲ್ಲವನ್ನೂ ಹೇಳಿದರು. ಆ ಸಂಜೆ ಒಂದು ತಂತಿ ಬಗ್ಗಿಸಲು ಕಡ್ಡಿಯ ಮೇಜಿನ ಮೇಲಿದ್ದ ಇಕ್ಕಳವನ್ನು ಅವನಿಗೆ ಹೇಳದೆ ತೆಗೆದುಕೊಂಡು, ಅಭ್ಯಾಸಬಲದಿಂದ ಜೇಬಿಗೆ ಹಾಕಿಕೊಂಡು ಮರೆತಿದ್ದರು. ಡ್ರಾಯರಿನಲ್ಲಿ ಅದನ್ನು ಕಂಡಾಗ ಹುಡುಕಾಟದ ಎರಡನೇ ದಿನ. ಒಪ್ಪಿಸಿಬಿಡುತ್ತೇನೆ ಎಂದುಕೊಂಡೇ ಮರುದಿನ ಬೆಳಿಗ್ಗೆ ಹೊರಟಿದ್ದರು. ಆದರೆ ಬಡ್ತಿ ಪಡೆಯುವವರ ಯಾದಿ ಮೇಲಧಿಕಾರಿಗಳಿಗೆ ಹೋಗಿತ್ತು, ಅದರಲ್ಲಿ ತಮ್ಮ ಹೆಸರಿತ್ತು. ಶೆಡ್ಡಿನಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಡ್ರಮ್ಮು ಕಣ್ಣಿಗೆ ಬಿತ್ತು. ಇಕ್ಕಳ ಸಿಕ್ಕರೆ ಸಾಕು, ಒಂದು ಛೀಮಾರಿಯಲ್ಲಿ ಮುಗಿದುಹೋಗುತ್ತದೆ ಎಂದುಕೊಂಡರು. ಪಟ್ಟಿ ಕೀಳುತ್ತಾರೆಂದು ಎಣಿಸಿರಲಿಲ್ಲ. ಕಿತ್ತ ಮೇಲೆ ಬಾಯಿ ಬರಲಿಲ್ಲ.

ಕಡ್ಡಿ ಟೀ ಲೋಟವನ್ನು ನಿಧಾನವಾಗಿ ಕೆಳಗಿಟ್ಟ.

"ಪಟ್ಟಿ ಹೋಗಿದ್ದಕ್ಕೆ ನಾನು ಕೆಲಸ ಬಿಡಲಿಲ್ಲ ಸಾರ್," ಎಂದ. "ಎಸೆದಿದ್ದು ನನಗೆ ನೆನಪೇ ಇರಲಿಲ್ಲ. ನೆನಪಿಲ್ಲದೆ ಎಸೆಯೋನು ನಾಳೆ ಎಂಜಿನ್ ಒಳಗೂ ಬಿಡ್ತಾನೆ, ಯಾರನ್ನೋ ಕೊಲ್ತಾನೆ ಅಂತ ಭಯ ಆಯ್ತು. ಲೈಬ್ರರಿ ಸೇರಿ ಇಪ್ಪತ್ತೆಂಟು ವರ್ಷ ಪುಸ್ತಕ ಜೋಡಿಸಿದೆ. ಮನೇಲಿ ಒಂದು ಸ್ಕ್ರೂ ಸಡಿಲ ಆದ್ರೂ ಬೇರೆಯವರನ್ನ ಕರೆಸ್ತೀನಿ. ನನ್ನ ಕೈಯನ್ನ ನಾನೇ ನಂಬಲಿಲ್ಲ."

ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಒಬ್ಬೊಬ್ಬರಾಗಿ ಉಳಿದವರೂ ಎದ್ದರು. ಪೈಲಟ್ ಸಾಹೇಬರು ಬಾಗಿಲಲ್ಲಿ ನನ್ನ ಭುಜ ಹಿಡಿದು, ತಾವು ಆ ಶಿಕ್ಷೆಗೆ ಸಹಿ ಹಾಕುವ ಮುಂಚೆ ಕಡ್ಡಿಯನ್ನು ಕರೆದು ಒಂದು ಮಾತು ಕೇಳಬೇಕಾಗಿತ್ತು, ಪುರುಸೊತ್ತು ಮಾಡಿಕೊಳ್ಳಲಿಲ್ಲ ಎಂದರು.

ಅಕ್ಕ ಜಗಳವಾಡಲಿಲ್ಲ. "ಬಡ್ತಿ ಬಂದ ದಿನ ಹೊಸ ಪಟ್ಟಿಯನ್ನ ತೋಳಿಗೆ ಹೊಲಿದವಳು ನಾನು ಕಣೋ," ಎಂದು ನನ್ನೊಡನೆ ಒಮ್ಮೆ ಹೇಳಿದಳು. ಭಾವನೊಂದಿಗೆ ಬಹಳ ದಿನ ಊಟಕ್ಕೆ ಬನ್ನಿ, ಮಾತ್ರೆ ತಗೊಳ್ಳಿ ಎಂಬಷ್ಟೇ ಮಾತು.

ಭಾವ ವಾಯುಪಡೆಯ ದಾಖಲೆ ಕಚೇರಿಗೆ ನಾಲ್ಕು ಪುಟದ ಪತ್ರ ಬರೆದರು. ತಪ್ಪು ತಮ್ಮದು, ಕಡ್ಡಿಯ ಹೆಸರನ್ನು ಚೊಕ್ಕ ಮಾಡಿಕೊಡಿ ಎಂದು ಬೇಡಿಕೊಂಡಿದ್ದರು. ಎರಡು ತಿಂಗಳಿಗೆ ಎರಡು ಸಾಲಿನ ಉತ್ತರ ಬಂತು. ಅಷ್ಟು ಹಳೆಯ ಕಡತಗಳನ್ನು ನಿಯಮದಂತೆ ನಾಶಪಡಿಸಲಾಗಿದೆ, ವಿಷಾದಿಸುತ್ತೇವೆ. ಆ ಕಾಗದ ಹಿಡಿದು ಅವರು ಕಡ್ಡಿಯ ಮನೆಗೆ ಹೋದರು. ಅವನ ಹೆಂಡತಿ ಬಾಗಿಲಲ್ಲೇ ನಿಂತು, ಅವರು ಒಳಗಿದ್ದಾರೆ, ಆದರೆ ಹೊರಗೆ ಬರೋದಿಲ್ಲವಂತೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದಳು. ಸುಳ್ಳು ಹೇಳಲಿಲ್ಲವಲ್ಲ, ಅದೇ ದೊಡ್ಡದು ಎಂದರು ಭಾವ, ವಾಪಸು ಬಂದ ಮೇಲೆ.

ಆಮೇಲೆ ಅವರು ಲೈಬ್ರರಿಗೆ ಹೋಗತೊಡಗಿದರು. ನಿವೃತ್ತನಾದ ಮೇಲೂ ಕಡ್ಡಿ ದಿನಾ ಬೆಳಿಗ್ಗೆ ಅಲ್ಲಿಗೆ ಪತ್ರಿಕೆ ಓದಲು ಬರುತ್ತಿದ್ದ. ಭಾವ ಅದೇ ಉದ್ದ ಮೇಜಿನ ಇನ್ನೊಂದು ತುದಿಯಲ್ಲಿ ಕೂರುವರು. ಮಾತಿಲ್ಲ ಕತೆಯಿಲ್ಲ. ಇದರಿಂದ ಏನು ಬಂತು ಎಂದು ನಾನು ಕೇಳಿದ್ದಕ್ಕೆ, "ನನ್ನ ಮುಖ ನೋಡಿ ಬೈಬೇಕು ಅನ್ನಿಸಿದ ದಿನ ನಾನು ಸಿಗಬೇಕಲ್ಲಪ್ಪ," ಎಂದರು. ಹೀಗೆ ಐದು ತಿಂಗಳು. ಒಂದು ದಿನ ಕಡ್ಡಿ ಓದಿ ಮುಗಿಸಿದ ಪತ್ರಿಕೆಯನ್ನು ಮಡಚಿ ಮೇಜಿನ ಮೇಲೆ ಅವರ ಕಡೆಗೆ ಸರಿಸಿದನಂತೆ. ಅಂದು ಭಾವ ನನ್ನ ಅಂಗಡಿಗೆ ಬಂದು ಅದನ್ನು ಎರಡು ಸಲ ಹೇಳಿದರು.

ಅದಾದ ಹನ್ನೊಂದನೇ ದಿನ, ಸ್ನಾನಕ್ಕೆ ಹೊರಟವರು ಹಾಸಿಗೆಯ ಅಂಚಿನಲ್ಲಿ ಕುಸಿದು ಕೂತರು. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ಅಂತ್ಯಕ್ರಿಯೆಗೆ ಹಳಬರೆಲ್ಲ ಬಂದರು, ಕಡ್ಡಿ ಬರಲಿಲ್ಲ. ವಾರ ಕಳೆದು ಒಂದು ಮಧ್ಯಾಹ್ನ ಅಂಗಡಿಗೆ ಬಂದ. ಕನ್ನಡಕದ ನೆಪವನ್ನೇನೂ ಹೇಳಲಿಲ್ಲ. ಗಿರಾಕಿ ಹೋಗುವವರೆಗೆ ಕಾದು, ಹಿಂದಿನ ಕೋಣೆಗೆ ಹೋಗಿ ಕೂತ. ನಾನೂ ಹೋಗಿ ಎದುರಿಗೆ ಕೂತೆ.

"ಮುಂದಿನ ವಾರ ಮಾತಾಡಿಸೋಣ ಅಂದ್ಕೊಂಡಿದ್ದೆ," ಎಂದ. "ಇನ್ನೊಂದು ಸ್ವಲ್ಪ ದಿನ ಕಾಯಲಿ ಅಂತ ನಾನೇ ಎಳೀತಿದ್ದೆ. ಬೈಯೋದಕ್ಕೆ ಏನೇನೋ ಜೋಡಿಸಿ ಇಟ್ಕೊಂಡಿದ್ದೆ. ಬೈದಾದ ಮೇಲೆ ಟೀ ಕುಡಿಯೋಕೆ ಕರ್ಕೊಂಡು ಹೋಗ್ತಿದ್ದೆ. ನಿಮ್ಮ ಭಾವನಿಗೆ ಇಷ್ಟು ಅವಸರ ಏನಿತ್ತು, ಹೇಳು."

ನೀರು ಕೊಟ್ಟೆ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಡಿದ. ಅಕ್ಕನನ್ನು ನೋಡಿಕೊಂಡು ಹೋಗೋಣ ಬಾ ಎಂದೆ. ಇವತ್ತು ಬೇಡ, ಮುಂದಿನ ವಾರ ಎನ್ನುತ್ತಿದ್ದವನು ಅಲ್ಲಿಗೇ ತಡೆದು, ಎದ್ದು ನಿಂತ. ಅಂಗಡಿಯ ಬಾಗಿಲು ಎಳೆದುಕೊಂಡು ಇಬ್ಬರೂ ಹೊರಟೆವು.