ಆಯಿ ಎರೆಯದ ಕೂಸು

ಆ ದಿನಗಳಲ್ಲಿ ಲಂಡನ್ನಿನ ಎಜ್‌ವೇರ್‌ನಲ್ಲಿ ಕೂಸು ಹುಟ್ಟಿದ ಮನೆಗೆ ನೆಂಟರಿಗಿಂತ ಮೊದಲು ಸರ್ಕಾರ ಬರುತ್ತಿತ್ತು. ಹೆಲ್ತ್ ವಿಸಿಟರ್ ಎಂಬ ನರ್ಸ್ ಕರೆಯದೆಯೇ ಮನೆಗೆ ಬಂದು, ಕೂಸಿನ ತೂಕ ನೋಡಿ, ತಾಯಿಯ ಊಟ ನಿದ್ದೆ ವಿಚಾರಿಸಿ, ವಿಟಮಿನ್ ಹನಿಗಳ ಬಾಟಲಿಯನ್ನು ಪುಕ್ಕಟೆ ಕೊಟ್ಟು ಹೋಗುತ್ತಿದ್ದಳು. ಇದನ್ನೆಲ್ಲ ಹೊಗಳಿ ಬರೆಯುವವರು ಬಹಳ ಜನ ಇದ್ದಾರೆ. ನನ್ನಿಂದ ಆಗುವುದಿಲ್ಲ. ತೊಂಬತ್ತರ ದಶಕದ ಆ ಚಳಿಗಾಲ ನೆನಪಾದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ.

ತಮ್ಮ ವಿನು ಹುಟ್ಟಿದಾಗ ನಾನು ಪ್ರೈಮರಿ ಶಾಲೆಯಲ್ಲಿದ್ದೆ. ಅಪ್ಪ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರ್. ಆದರೆ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ಹಾಗಾಗಿ ಯಾರು ಜೋರಾಗಿ ಮಾತಾಡಿದರೂ ಅಂಜುತ್ತಿದ್ದ. ಅಮ್ಮನ ಬಾಣಂತನಕ್ಕೆಂದು ಧಾರವಾಡದಿಂದ ಆಯಿ, ಅಂದರೆ ಅಪ್ಪನ ತಾಯಿ, ಬಂದಿದ್ದಳು. ಅವಳು ಬಂದ ವಾರದಲ್ಲೇ ನಮ್ಮ ಫ್ಲಾಟಿಗೆ ಓಂಕಾಳಿನ ಹೊಗೆ, ಬೆಳ್ಳುಳ್ಳಿ ಒಗ್ಗರಣೆ, ತುಪ್ಪದಲ್ಲಿ ಹುರಿದ ಅಂಟಿನ ವಾಸನೆ ಹತ್ತಿಕೊಂಡಿತು. ಅಂಟಿನ ಉಂಡೆ ಬಾಣಂತಿಗೆಂದು ಮಾಡಿದ್ದು, ಅರ್ಧ ನನ್ನ ಹೊಟ್ಟೆಗೆ ಹೋಗುತ್ತಿತ್ತು.

ಎಲ್ಲಕ್ಕಿಂತ ಸೊಗಸು ವಿನುವಿಗೆ ಎರೆಯುವುದು. ಬಾತ್‌ರೂಮಿನ ನೆಲದ ಮೇಲೆ ಆಯಿ ಕಾಲು ಚಾಚಿ ಕೂತು, ಎಣ್ಣೆ ತಿಕ್ಕಿದ ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡು, ಬಿಸಿನೀರು ಹೊಯ್ದು, ಕೈಕಾಲು ಎಳೆದು ಮಡಿಸಿ, ಮೂಗು ತಿದ್ದುತ್ತಿದ್ದಳು. ನಾನೂ ನನ್ನ ಗೊಂಬೆಯನ್ನು ಕಾಲ ಮೇಲೆ ಹಾಕಿಕೊಂಡು ಬರಿಗೈಯಿಂದ ನೀರು ಹೊಯ್ಯುವ ಆಟ ಆಡುತ್ತಿದ್ದೆ. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಾನು ಹುಟ್ಟಿದಾಗಲೂ ಆಯಿಯೇ ಎರೆದಿದ್ದರಿಂದ ಅಮ್ಮನಿಗೆ ಅದು ಬರುತ್ತಿರಲಿಲ್ಲ. ಈ ಸಲ ಕಲಿಸಿಕೊಡಬೇಕೆಂದು ಕೇಳಿಕೊಂಡಿದ್ದಳು. ಬಾಣಂತಿ ಮೈ ಹಸಿ ಇರುವಾಗ ಬೇಡ, ಮೂರು ತಿಂಗಳು ತುಂಬಲಿ, ಕೂಸನ್ನು ನಿನ್ನ ಕಾಲ ಮೇಲೆ ಹಾಕಿ ಕೂಡಿಸಿ ಕಲಿಸುತ್ತೇನೆ ಎಂದು ಆಯಿ ಮಾತು ಕೊಟ್ಟಿದ್ದಳು. ಎರೆದಾದ ಮೇಲೆ ಲೋಬಾನದ ಹೊಗೆ, ಆಮೇಲೆ ದೃಷ್ಟಿಯಾಗದಿರಲೆಂದು ಗಲ್ಲಕ್ಕೆ ಒಂದು ಕಾಡಿಗೆ ಬೊಟ್ಟು.

ಕೂಸನ್ನು ಆಗಾಗ ಬೇಬಿ ಕ್ಲಿನಿಕ್ಕಿಗೆ ಒಯ್ದು ತೂಗಿಸಬೇಕಿತ್ತು. ಬಾಣಂತಿಯನ್ನು ಆ ಚಳಿಯಲ್ಲಿ ಹೊಸ್ತಿಲು ದಾಟಿಸಲು ಆಯಿ ಒಪ್ಪಲಿಲ್ಲ. ಅಪ್ಪ ಡ್ಯೂಟಿಯಲ್ಲಿದ್ದ. ಶಾಲೆಗೆ ರಜೆಯಿದ್ದ ನಾನು ದುಭಾಷಿಯಾಗಿ ಆಯಿಯ ಜೊತೆ ಹೊರಟೆ.

ಕ್ಲಿನಿಕ್ ಎಂದರೆ ಒಂದು ಹಾಲ್. ಬಿಸ್ಕಿಟು, ಹಾಲಿನಪುಡಿ, ಒದ್ದೆ ಕೋಟುಗಳ ವಾಸನೆ. ಕೂಸುಗಳನ್ನು ಬತ್ತಲೆ ಮಾಡಿ ತಕ್ಕಡಿಯಲ್ಲಿ ಮಲಗಿಸಿ ತೂಕವನ್ನು ಎಲ್ಲರಿಗೂ ಕೇಳುವಂತೆ ಕೂಗುತ್ತಿದ್ದರು. ಆಯಿ ವಿನುವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

“ಬಂಗಾರದ ತೂಕಾನ ನಾಕ ಮಂದಿ ಮುಂದ ಹೇಳಂಗಿಲ್ಲ. ಕೂಸಿನ ತೂಕ ಹಿಂಗ ಒದರತಾರೇನು? ನೆದರ ತಾಗೂದಿಲ್ಲೇನು?” ಎಂದಳು.

ನಮ್ಮ ಸರದಿ ಬಂದಾಗ ಹೆಲ್ತ್ ವಿಸಿಟರ್ ಗಲ್ಲದ ಬೊಟ್ಟು ನೋಡಿ ಹುಬ್ಬು ಗಂಟಿಕ್ಕಿದಳು. ಕೇಳಲಿಲ್ಲ, ಹೇಳಲಿಲ್ಲ, ಒದ್ದೆ ಟಿಶ್ಯೂ ತೆಗೆದು ಒರೆಸಿಬಿಟ್ಟಳು. ಆಯಿ ತನ್ನ ಕಣ್ಣಂಚಿಗೆ ಬೆರಳು ಒತ್ತಿ, ಬಂದಷ್ಟು ಕಾಡಿಗೆಯನ್ನು ವಿನುವಿನ ಗಲ್ಲಕ್ಕೆ, ಅದೇ ಜಾಗಕ್ಕೆ, ಹಚ್ಚಿದಳು.

ಇದು ಎಲ್ಲಿಯದು ಎಂದು ಹೆಲ್ತ್ ವಿಸಿಟರ್ ನನ್ನನ್ನು ಕೇಳಿದಳು. ಔಡಲೆಣ್ಣೆ ದೀಪದ ಮಸಿಗೆ ಬೆಣ್ಣೆ ಕಲಸಿ ಮನೆಯಲ್ಲೇ ಮಾಡಿದ್ದು ಎಂದೆ. ಇಂಡಿಯಾದಿಂದ ಬಂದದ್ದೋ ಎಂದಳು. ಹೌದೆಂದೆ. ಅಲ್ಲಿಗೆ ಅವಳ ವಿಚಾರಣೆ ಮುಗಿಯಿತು. ಇದರಲ್ಲಿ ಸೀಸ ಇರುತ್ತದೆ, ವಿಷ, ಕೂಸಿನ ರಕ್ತ ಪರೀಕ್ಷೆ ಆಗಲೇಬೇಕು, ನಿಮ್ಮ ಅಜ್ಜಿಗೆ ಹೇಳು ಎಂದಳು. ಹೇಳಿದೆ. ಆಯಿ ಅವಳ ಕೈ ಸೇದಿಹೋಗಲಿ ಎಂದು ಶಾಪ ಹಾಕಿದಳು. ಆಯಿ ಥ್ಯಾಂಕ್ಸ್ ಹೇಳುತ್ತಿದ್ದಾಳೆ ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ.

ವಿನುವಿನ ಎಳೆ ಕೈಗೆ ಸೂಜಿ ಚುಚ್ಚಿ ರಕ್ತ ತೆಗೆದರು. ಅವತ್ತು ಸಂಜೆ ಅಪ್ಪ ಕೋಟು ಕಳಚುವ ಮೊದಲೇ ಆಯಿಯ ಮುಂದೆ ನಿಂತ.

“ರಿಪೋರ್ಟ್ ಬರೂತನಕ ನೀ ಕೂಸಿಗೆ ಎರೀಬ್ಯಾಡವ್ವಾ. ಏನೂ ಹಚ್ಚಬ್ಯಾಡ. ಡಾಕ್ಟರ್ ಮನ್ಯಾಗ ಹಿಂಗಾತಂದ್ರ ನಾ ದವಾಖಾನ್ಯಾಗ ಹ್ಯಾಂಗ ಮಾರಿ ತೋರಸ್ಲಿ?”

ಅದೇ ಆಯಿಯ ಕೈಯ ಅದೇ ಕಾಡಿಗೆ ಹಚ್ಚಿಸಿಕೊಂಡು ಬೆಳೆದವನು ಅವನು. ವಿಷವಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆ ನರ್ಸಿಗೆ ಹಾಗೆನ್ನಲು ಮಾತ್ರ ಅಂಜಿದ. ಅಮ್ಮನೂ ತಲೆ ತಗ್ಗಿಸಿಕೊಂಡು ನಿಂತಳು. ಆಯಿ ಹೂಂ ಎಂದಳು, ಅಷ್ಟೇ. ಮರುದಿನದಿಂದ ಅಪ್ಪ ಪ್ಲಾಸ್ಟಿಕ್ ಟಬ್ಬಿನಲ್ಲಿ ವಿನುವನ್ನು ಅದ್ದಿ ತೆಗೆಯತೊಡಗಿದ. ಕೂಸು ಕಿರುಚುತ್ತಿತ್ತು. ಆಯಿ ಅಡುಗೆಮನೆಯಲ್ಲಿ ನಲ್ಲಿ ಜೋರಾಗಿ ಬಿಟ್ಟು ಪಾತ್ರೆ ತಿಕ್ಕುತ್ತಿದ್ದಳು.

ರಿಪೋರ್ಟ್ ಬಂತು. ಸೀಸವೂ ಇಲ್ಲ, ಏನೂ ಇಲ್ಲ. ಹೆಲ್ತ್ ವಿಸಿಟರ್ ಮನೆಗೆ ಬಂದು ನಗುನಗುತ್ತ ಒಳ್ಳೆಯ ಸುದ್ದಿ ಎಂದು ಹೇಳಿ, ಇನ್ನೊಂದು ಬಾಟಲಿ ವಿಟಮಿನ್ ಮೇಜಿನ ಮೇಲಿಟ್ಟಳು. ತಪ್ಪಾಯಿತು ಎನ್ನಲಿಲ್ಲ. ಅವಳಿಗೆ ಅದು ತಪ್ಪೆಂದು ಅನಿಸಿರಲೇ ಇಲ್ಲ. ಕೂಸು ಸರ್ಕಾರದ ಲೆಕ್ಕದಲ್ಲಿ ಸರಿಯಾಗಿತ್ತು, ಮುದುಕಿಯ ಲೆಕ್ಕ ಇಡುವ ಕೆಲಸ ಅವಳದಲ್ಲ. ಆ ಹನಿಗಳಿಂದಲೇ ವಿನುವಿನ ಮೂಳೆ ಗಟ್ಟಿಯಾದವು ಎಂದು ಅಪ್ಪ ಇವತ್ತಿಗೂ ಹೇಳುತ್ತಾನೆ. ಆಗಿರಬಹುದು, ನನಗೇನು?

ಅವಳು ಹೋದ ಮೇಲೆ ಅಮ್ಮ ಎಣ್ಣೆ ಬೆಚ್ಚಗೆ ಮಾಡಿ, ನೀರು ಕಾಸಿ, ಕೂಸನ್ನು ತಂದು ಆಯಿಯ ಮುಂದೆ ಹಿಡಿದಳು. ಮೂರು ತಿಂಗಳು ತುಂಬಿತ್ತು. ಆಯಿ ಕೈ ಚಾಚಲಿಲ್ಲ.

“ಇದು ಸರಕಾರದ ಕೂಸು. ಸರಕಾರಾನ ಎರೀಲಿ.”

ಅಪ್ಪ ಕಾಲು ಹಿಡಿದ. ಅಮ್ಮ ಅತ್ತಳು. ವೀಸಾ ಮುಗಿದು ವಿಮಾನ ಹತ್ತುವವರೆಗೂ ಆಯಿ ವಿನುವನ್ನು ಎತ್ತಿಕೊಂಡಳು, ಆಡಿಸಿದಳು, ತಟ್ಟಿ ಮಲಗಿಸಿದಳು, ಎರೆಯಲಿಲ್ಲ. ಮತ್ತೆ ಲಂಡನ್ನಿಗೆ ಬರಲೂ ಇಲ್ಲ.

ಈಗ ಆ ಹಾಲ್ ಇದ್ದ ಜಾಗದಲ್ಲಿ ಫ್ಲಾಟುಗಳಿವೆ. ನನ್ನ ಮಗಳು ಹುಟ್ಟಿದಾಗ ಹೆಲ್ತ್ ವಿಸಿಟರ್ ಒಮ್ಮೆ ಬಂದಳು, ಆಮೇಲೆ ಬರೀ ಫೋನು. ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಬಾಣಂತನಕ್ಕೆ ಬಂದಿದ್ದ ಅಮ್ಮ ನಮ್ಮ ಬಾತ್‌ರೂಮಿನ ನೆಲದ ಮೇಲೆ ಸೀರೆ ಮೇಲೆತ್ತಿ, ಕಾಲು ಚಾಚಿ ಕೂತಳು. ಮಗುವನ್ನು ಕಾಲ ಮೇಲೆ ಬೋರಲು ಹಾಕಿಕೊಂಡಳು. ಎಳೆಯ ಬೆನ್ನ ಮೇಲೆ ಕೈ ಇಟ್ಟು ಬಹಳ ಹೊತ್ತು ಹಾಗೇ ಕೂತಳು.

“ಬರೇ ನೋಡೇನಿ. ಕೈಲೆ ಮಾಡಿಲ್ಲ. ಕೂಸು ಜಾರೀತಂತ ಅಂಜಿಕಿ ಆಗ್ತದ ನನಗ,” ಎಂದು ಮಗುವನ್ನು ನನಗೆ ಕೊಟ್ಟು, ಗೋಡೆ ಹಿಡಿದು ಎದ್ದಳು.

ನಾನು ಟಬ್ಬಿಗೆ ನೀರು ಬಿಟ್ಟೆ.