ಭಾಗವಾಗದ ಜೀಪು

ಕಡಬದ ಬಾಬಣ್ಣ ಅನ್ನ ಕೊಡುವ ಜೀಪನ್ನೇ ಮಾರಲು ಹೊರಟಿದ್ದ. ಅದರ ನಂಬರು 7919. ಅಂಕಿ ಕೂಡಿಸಿದರೆ ಕೊನೆಗೆ ಎಂಟು, ಎಂಟೆಂದರೆ ಶನಿ ಎಂದು ಒಬ್ಬ ಸಂಖ್ಯಾಶಾಸ್ತ್ರಿ ಹೆದರಿಸಿದ್ದ. ಇಂಥವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಾನು ನೆಲ್ಯಾಡಿಗೆ ಹೋಗುವಾಗ ಆ ಸಂಖ್ಯಾಶಾಸ್ತ್ರಿ ಅದೇ ಜೀಪಿನಲ್ಲಿ ಸಿಕ್ಕಿದ.

“ಇದು ಅವಿಭಾಜ್ಯ ಸಂಖ್ಯೆ ಸ್ವಾಮೀ. ಒಂದು ಮತ್ತು ತನ್ನನ್ನು ಬಿಟ್ಟು ಯಾವುದಕ್ಕೂ ಬಗ್ಗುದಿಲ್ಲ. ಶೇಷ ಉಳಿಯದೆ ಭಾಗಿಸಿ ತೋರಿಸಿ, ಜೀಪಿಗೆ ಗಿರಾಕಿಯನ್ನು ನಾನೇ ತರ್ತೇನೆ,” ಎಂದೆ.

ಆತ ಮೊಬೈಲು ತೆಗೆದು ಏಳು, ಹನ್ನೊಂದು, ಹದಿಮೂರು ಎಂದು ಒತ್ತುತ್ತಾ ಹೋದ. ಬಾಬಣ್ಣ ಕಿವಿಯನ್ನು ಹಿಂದಕ್ಕೇ ಕೊಟ್ಟು ಜೀಪು ಓಡಿಸಿದ.

“ಎಂಬತ್ತೊಂಬತ್ತು ಬಂದರೆ ನಿಲ್ಲಿಸಿ. ಅದನ್ನು ಅದರಿಂದಲೇ ಗುಣಿಸಿದರೆ ಈ ನಂಬರನ್ನು ದಾಟುತ್ತದೆ. ಆಚೆ ಹುಡುಕಿ ಪ್ರಯೋಜನ ಇಲ್ಲ,” ಎಂದೆ.

“ಭಾಗ ಆಗದಿದ್ದರೂ ಶನಿ ಶನಿಯೇ,” ಎಂದು ಆತ ಗೊಣಗಿದ.

“ಹಾಗಾದರೆ ಶನಿಯ ಹತ್ತಿರವೇ ಭಾಗಿಸಲಿಕ್ಕೆ ಹೇಳಿ!”

ಎಂಬತ್ತೊಂಬತ್ತರವರೆಗೆ ಒತ್ತಿದರೂ ಭಾಗ ಆಗಲಿಲ್ಲ; ಆತ ಮೊಬೈಲು ಕಿಸೆಗೆ ಹಾಕಿ ನೆಲ್ಯಾಡಿಯಲ್ಲಿ ಇಳಿದ. “ಯಾರಿಂದಲೂ ಒಡೆಯಲಿಕ್ಕೆ ಆಗದ ನಂಬರಾ ಮಾರಾಯ್ರೆ! ಇನ್ನು ಮಾರುದಿಲ್ಲ,” ಎಂದ ಬಾಬಣ್ಣ.

ಗೆದ್ದೆ ಎಂದುಕೊಂಡೆ. ಮರುದಿನ ನೋಡಿದರೆ ನಂಬರ್ ಪ್ಲೇಟಿಗೆ ಕುಂಕುಮ, ಹೂವು. ಈಗ ಸ್ಟ್ಯಾಂಡಿನ ಉಳಿದ ಡ್ರೈವರುಗಳೂ ನನ್ನನ್ನು ಕರೆದು ಕೇಳುತ್ತಾರೆ: “ನಮ್ಮ ನಂಬರು ಹೇಗುಂಟು, ಸ್ವಲ್ಪ ನೋಡಿ ಹೇಳಿ ಸ್ವಾಮೀ.”