ಮಾತ್ರೆ ನುಂಗಿದ ಮರುದಿನ

ಮಾದಿಹಳ್ಳಿ ಪಕ್ಕದ ನಮ್ಮೂರಿನಲ್ಲಿ ನಾನು ಆಶಾ ಕಾರ್ಯಕರ್ತೆ. ಕೆಳಗಿನ ಬೀದಿಯ ಮುದುಕರೊಬ್ಬರಿಗೆ ಟಿಬಿ ಬಂದು ಔಷಧಿ ನಡೆಯುತ್ತಿತ್ತು. ಒಂದೇ ಮನೆಯಲ್ಲಿದ್ದ ಮಗ, ಸೊಸೆಯನ್ನೂ ಪರೀಕ್ಷೆ ಮಾಡಿಸಿದೆವು. ಇಬ್ಬರಿಗೂ ಕಾಯಿಲೆ ಇರಲಿಲ್ಲ, ಆದರೆ ಸೋಂಕು ಮೈಯೊಳಗೆ ಸುಮ್ಮನೆ ಕೂತಿತ್ತು. ಅದು ಮುಂದೆ ಕಾಯಿಲೆಯಾಗಿ ತಲೆ ಎತ್ತದಿರಲೆಂದು ವಾರಕ್ಕೊಂದು ಸಲ, ಹನ್ನೆರಡು ವಾರ ಮಾತ್ರೆ ನುಂಗಬೇಕಿತ್ತು.

"ಕೆಮ್ಮಿಲ್ಲ, ಜ್ವರ ಇಲ್ಲ. ನಂಗ್ಯಾಕಕ್ಕ ಮಾತ್ರೆ?" ಅಂದ ಮಗ. ಒಂದು ಗಂಟೆ ಕೂತು ಒಪ್ಪಿಸಿದೆ. ಇಬ್ಬರೂ ನನ್ನೆದುರೇ ನುಂಗಿದರು. ಮೂತ್ರ ಕೆಂಪಾಗುತ್ತದೆ, ಹೆದರಬೇಡಿ ಎಂದು ಹೇಳುವುದನ್ನು ಮಾತ್ರ ಮರೆತೆ.

ಮರುದಿನ ಬೆಳಿಗ್ಗೆ ಡೇರಿಯ ಮುಂದೆ ಹಾಲು ಹಾಕಲು ನಿಂತಿದ್ದೆ. ಅವನು ಓಡಿ ಬಂದವನೇ ನನ್ನ ಜಡೆ ಹಿಡಿದು ನೆಲಕ್ಕೆ ಕೆಡವಿದ.

"ಏನ್ ಕೊಟ್ಟೆ ನಂಗೆ? ರಕ್ತ ಹೋಗ್ತೈತೆ."

ನಾನು ಬಾಯಿ ಬಿಡುವ ಮುನ್ನವೇ ನನ್ನ ಹಾಲಿನ ಕ್ಯಾನು ಕಿತ್ತು ಮುಖಕ್ಕೆ ಬೀಸಿದ. ಎರಡು ಹಲ್ಲು ಮುರಿದವು. ಹೊಟ್ಟೆಗೆ ಒದ್ದ. ಸಾಲಿನಲ್ಲಿದ್ದವರು ತಂತಮ್ಮ ಕ್ಯಾನು ಎತ್ತಿಕೊಂಡು ಹಿಂದೆ ಸರಿದರು.

ಹೆಂಡತಿ ಅವನ ಹಿಂದೆಯೇ ಓಡಿ ಬಂದಿದ್ದಳು. "ನಂಗೂ ಹಂಗೇ ಆಗೈತೆ ಕಣ್ರೀ. ಅಕ್ಕನ್ನ ಕೇಳಾನ, ತಡೀರಿ" ಎಂದು ಅಡ್ಡ ನಿಂತಳು. ಅವಳ ತಲೆಯನ್ನು ಡೇರಿಯ ಗೋಡೆಗೆ ಬಡಿದ. ಸುಣ್ಣದ ಮೇಲೆ ರಕ್ತ ಇಳಿಯಿತು. ನಾನು ತೆವಳಿ ಹೋಗಿ ಅವನ ಕಾಲು ಹಿಡಿದೆ. ಬೆರಳು ತುಳಿದ.

ಅಷ್ಟರಲ್ಲಿ ಮುದುಕರು ಬಂದರು. ಎಲುಬು ಎಣಿಸುವಂತಿದ್ದ ಮೈ. ಊರುಗೋಲಿನಿಂದ ಮಗನ ಬೆನ್ನಿಗೆ, ಮೊಣಕೈಗೆ ತಮ್ಮ ಉಸಿರು ಸಿಕ್ಕಿಕೊಳ್ಳುವವರೆಗೂ ಹೊಡೆದರು.

"ಬಿಡ್ಲಾ ಅವಳ್ನ. ನಂಗೂ ತಿಂಗಳಿಂದ ಕೆಂಪಗೇ ಹೋಗ್ತೈತೆ. ಮಾತ್ರೆ ಬಣ್ಣ ಅದು. ನಾನೇನ್ ಸತ್ನಾ?"

"ಮೊದ್ಲೇ ಯಾಕೆ ಹೇಳ್ಲಿಲ್ಲ?"

"ಸೊಸೆ ಇರೋ ಮನೇಲಿ ಇದನ್ನೆಲ್ಲಾ ಹೆಂಗ್ಲಾ ಹೇಳಾದು?"

ಬೇಲೂರಿನ ಆಸ್ಪತ್ರೆಯಲ್ಲಿ ಅವಳ ತಲೆಗೂ ನನ್ನ ತುಟಿಗೂ ಹೊಲಿಗೆ ಹಾಕಿದರು. ನಾನು ಪೊಲೀಸರಿಗೆ ದೂರು ಕೊಟ್ಟೆ. ಹೇಳಲು ಮರೆತದ್ದನ್ನೂ ಅದರಲ್ಲಿ ಬರೆಸಿದೆ. ಊರವರು ರಾಜಿಗೆ ಬಂದರು, ನಾನು ಒಪ್ಪಲಿಲ್ಲ. ಕೇಸು ಕೋರ್ಟಿಗೆ ಹೋಯಿತು, ಅವನು ಜಾಮೀನಿನ ಮೇಲೆ ಮನೆಗೆ ಬಂದ. ಅವಳು ಅರಸೀಕೆರೆಯ ತವರಿಗೆ ಹೋಗಿ, ಉಳಿದ ಹನ್ನೊಂದು ವಾರವನ್ನು ಅಲ್ಲೇ ಮುಗಿಸಿ ಬಂದಳು. ಅವನು ಮಾತ್ರೆ ಮುಟ್ಟಲಿಲ್ಲ.

ಮುಂದಿನ ವರ್ಷ ಅವನಿಗೆ ಕೆಮ್ಮು ಹತ್ತಿತು. ಕಫದಲ್ಲಿ ಟಿಬಿ ಸಿಕ್ಕಿತು. ದಿನವೂ ಮಾತ್ರೆ ಕೊಡಬೇಕಾದವಳು ನಾನೇ. ಹೆಂಡತಿ ನೀರಿನ ಲೋಟ ಹಿಡಿದು ನಮ್ಮಿಬ್ಬರ ನಡುವೆ ನಿಲ್ಲುತ್ತಿದ್ದಳು. ಮಾತ್ರೆಯನ್ನು ಅವಳ ಅಂಗೈಗೆ ಹಾಕುತ್ತಿದ್ದೆ, ಅವಳು ಅವನಿಗೆ ಕೊಡುತ್ತಿದ್ದಳು. ಆರು ತಿಂಗಳು ಹೀಗೇ ನಡೆದು ಅವನು ಗುಣವಾದ.